ಪಂಚರ ಸಮಕ್ಷಮ

ಭಾಲ್ಕಿಯ ಒಂದು ಸರ್ಕಾರಿ ಕಚೇರಿಯಲ್ಲಿ ಭಾಲಚಂದ್ರರಾವ್ ಗುಮಾಸ್ತರು. ಯಾವ ಕಚೇರಿ ಅಂತ ಕೇಳಬೇಡಿ, ಹೆಸರು ಹೇಳಿ ನಾನ್ಯಾಕೆ ಊರ ಉಸಾಬರಿ ಮೈಮೇಲೆ ಎಳೆದುಕೊಳ್ಳಲಿ. ಇಪ್ಪತ್ತೊಂಬತ್ತು ವರ್ಷ ಸರ್ವಿಸಾಗಿತ್ತು, ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ಇಷ್ಟು ವರ್ಷದಲ್ಲಿ ಅವರು ಯಾರಿಗೂ ಕೇಡು ಬಯಸಿದವರಲ್ಲ, ಯಾರಿಗಾದರೂ ಒಳ್ಳೆಯದು ಮಾಡಬೇಕೆಂದು ಎದ್ದು ಓಡಿದವರೂ ಅಲ್ಲ. ತಾನಾಯಿತು, ತನ್ನ ಟೇಬಲ್ಲಾಯಿತು. ಸಿಟ್ಟು ಬಂದಿದ್ದನ್ನು ಯಾರೂ ನೋಡಿಲ್ಲ, ನಕ್ಕಿದ್ದನ್ನೂ ಅಷ್ಟಾಗಿ ನೋಡಿಲ್ಲ. ಅಪ್ಪ ತೀರಿದ ದಿನವೂ ಅದೇ ಮುಖ, ಮಗಳ ಮದುವೆಯ ದಿನವೂ ಅದೇ ಮುಖ. ಫೋಟೋ ತೆಗೆಯುವವನು "ಜರಾ ನಗ್ರೀ ಸಾಹೇಬ್ರ" ಎಂದು ಮೂರು ಸಲ ಹೇಳಿ ಕೈಬಿಟ್ಟಿದ್ದ.

ಪೊಲೀಸರಿಗೆ ಇಂಥ ಮನುಷ್ಯ ಸಿಕ್ಕರೆ ಬಿಡುತ್ತಾರೆಯೇ? ಯಾರನ್ನಾದರೂ ಹಿಡಿದು ಏನಾದರೂ ಜಪ್ತಿ ಮಾಡಿದರೆ, ಅದನ್ನು ಕಣ್ಣಾರೆ ನೋಡಿದೆವು ಎಂದು ಸಹಿ ಮಾಡುವ ಇಬ್ಬರು ಬೇಕು. ಅವರೇ ಪಂಚರು, ಆ ಕಾಗದವೇ ಪಂಚನಾಮೆ. ದಾರಿಯಲ್ಲಿ ಹೋಗುವವರನ್ನು ಪಂಚರನ್ನಾಗಿ ಮಾಡಿದರೆ ನಾಳೆ ಕೋರ್ಟಿಗೆ ಬರುವುದಿಲ್ಲ, ಬಂದರೂ ತಿರುಗಿ ಬೀಳುತ್ತಾರೆ. ಸರ್ಕಾರಿ ನೌಕರನಾದರೆ ಜುಟ್ಟು ಇಲಾಖೆಯ ಕೈಯಲ್ಲಿರುತ್ತದೆ. ಅವನು ತಿರುಗಿಬಿದ್ದರೆ ವಿಚಾರಣೆ, ಅಮಾನತು, ಪಿಂಚಣಿಗೆ ಕಲ್ಲು. ಹಾಗಾಗಿ ಠಾಣೆಯಿಂದ ಕಚೇರಿಗೆ ಪತ್ರ ಬರುತ್ತಿತ್ತು, ಇಬ್ಬರು ಸಿಬ್ಬಂದಿಯನ್ನು ಕಳಿಸಿಕೊಡಿ ಎಂದು. ಸೂಪರಿಂಟೆಂಡೆಂಟ್ ಶಿವರಾಜಪ್ಪ ಪತ್ರ ಹಿಡಿದು ಹಾಲಿಗೆ ಬಂದರೆ ಒಬ್ಬನಿಗೆ ಸೊಂಟನೋವು, ಇನ್ನೊಬ್ಬನಿಗೆ ಆಡಿಟ್, ಮತ್ತೊಬ್ಬನ ಹೆಂಡತಿಗೆ ಜ್ವರ. ಭಾಲಚಂದ್ರರಾವ್ ಒಬ್ಬರೇ ಸುಮ್ಮನೆ ಎದ್ದು ಚಪ್ಪಲಿ ಮೆಟ್ಟುತ್ತಿದ್ದರು. ಜೊತೆಗೆ ಜವಾನ ಜಹೀರೋದ್ದೀನ.

ಮೊದಮೊದಲು ಇಬ್ಬರೂ ನಿಜವಾಗಿ ಹೋಗುತ್ತಿದ್ದರು. ಜೀಪಿನಲ್ಲಿ ಕೂತು, ಬಿಸಿಲಲ್ಲಿ ನಿಂತು, ನೋಡಿ ಸಹಿ ಮಾಡುತ್ತಿದ್ದರು. ಆಮೇಲೆ ಹೆಡ್ ಕಾನ್‌ಸ್ಟೇಬಲ್ ಗೋರಖನಾಥನೇ ಅಂದ, "ಯಾಕ ಖಾಲಿಪೀಲಿ ತ್ರಾಸ್ ತಗೋತೀರಿ ರಾವ್‌ಸಾಹೇಬ್ರ? ನಾವೇ ಬರದು ತರ್ತೇವಿ. ನೀವು ಚಹಾ ಕುಡೀತ ದಸ್ಕತ್ ಹಾಕ್ರಿ." ಅಲ್ಲಿಂದ ಪಂಚನಾಮೆಗಳು ಕಚೇರಿಯ ಎದುರಿನ ಹೋಟೆಲಿಗೇ ಬರತೊಡಗಿದವು. ಗಾಂಜಾ ಸೇದಿದವರ ಪಂಚನಾಮೆ ಅಂದರೆ ಒಂದೇ ಅಚ್ಚು. "ಸಾರ್ವಜನಿಕ ಸ್ಥಳದಲ್ಲಿ, ಪಂಚರಾದ ನಮ್ಮ ಸಮಕ್ಷಮ, ಸದರಿ ಆರೋಪಿಯು ಮಣ್ಣಿನ ಚಿಲುಮೆಯಲ್ಲಿ ಗಾಂಜಾ ಸೇದುತ್ತಿದ್ದು, ಕಣ್ಣುಗಳು ಕೆಂಪಾಗಿದ್ದು, ತೊದಲುತ್ತಿದ್ದು..." ಹೆಸರು, ತಾರೀಖು, ಜಾಗ ಮಾತ್ರ ಬೇರೆ. ಓದುವುದನ್ನು ಭಾಲಚಂದ್ರರಾವ್ ಯಾವಾಗ ಬಿಟ್ಟರೋ ಅವರಿಗೇ ನೆನಪಿಲ್ಲ. ಕೂತು ಕೂತು ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಅವರ ಸಹಿ ಮಾಡುವ ಕೈಗೆ ಜೋಮು ಹಿಡಿದಿತ್ತು.

ಕಾಯ್ದೆ ದಿಲ್ಲಿಯದು, ಜಾಗ ನಮ್ಮೂರಿನದು. ಸೇದಿದ್ದು ರುಜುವಾತಾದರೆ ಆರು ತಿಂಗಳ ತನಕ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ನಾಲ್ಕು ಗೋಡೆಯ ಒಳಗೆ ಸೇದಿದರೂ ಅದೇ ಕಲಮು, ಬಜಾರಿನಲ್ಲಿ ಸೇದಿದರೂ ಅದೇ ಕಲಮು. ಆದರೆ ಗೋಡೆಯ ಒಳಗೆ ಕೂತವರು ದೊಡ್ಡ ಮನುಷ್ಯರು. ಅವರ ಬಾಗಿಲು ಬಡಿಯುವ ಧೈರ್ಯ ಯಾರಿಗಿದೆ? ಅದಕ್ಕೇ ನಮ್ಮ ಕಡೆಯ ಗಾಂಜಾ ಎಲ್ಲ ಬಸ್ ಸ್ಟ್ಯಾಂಡಿನ ಹಿಂದೆ, ಪಾನ್ ಡಬ್ಬಿಯ ಪಕ್ಕ, ರಸ್ತೆ ಮೋರಿಯ ಕಟ್ಟೆ ಮೇಲೆಯೇ ಸೇದಲ್ಪಡುತ್ತದೆ. ಕಾಗದದ ಪ್ರಕಾರ ಹೇಳುತ್ತಿದ್ದೇನೆ, ನಾನು ನೋಡಿಲ್ಲ.

ಎರಡು ಸಾವಿರದ ಇಪ್ಪತ್ಮೂರರ ಜೂನ್ ತಿಂಗಳು. ಮಾದಕ ವಸ್ತು ವಿರೋಧಿ ದಿನ ಹತ್ತಿರ ಬಂದಿತ್ತು. ಸಾಲಿ ಮಕ್ಕಳ ಜಾಥಾ, ಬ್ಯಾನರು, ಸಾಹೇಬರ ಭಾಷಣ, ಜೊತೆಗೆ ಠಾಣೆಗೆ ಇಷ್ಟು ಕೇಸು ಮಾಡಿ ಎಂಬ ಮೇಲಿನ ಮಾತು. ಆ ವಾರ ಗೋರಖನಾಥ ಒಟ್ಟಿಗೆ ಐದು ಪಂಚನಾಮೆ ತಂದ. ಭಾಲಚಂದ್ರರಾವ್ ಐದಕ್ಕೂ ಸಹಿ ಮಾಡಿದರು. ಜಹೀರೋದ್ದೀನನೂ ಮಾಡಿದ. ಮುಂದಿನ ವರ್ಷ ಆ ಜಹೀರೋದ್ದೀನ ಎದೆನೋವಿನಿಂದ ತೀರಿಹೋದ. ಐದು ಕಾಗದಗಳಿಗೂ ಕಣ್ಣು ಅಂತ ಉಳಿದಿದ್ದು ಭಾಲಚಂದ್ರರಾವ್ ಒಬ್ಬರೇ.

ಅದಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಒಬ್ಬ ಹೆಂಗಸು ಅವರ ಮನೆ ಹುಡುಕಿಕೊಂಡು ಬಂದಳು. ಐವತ್ತೈದರ ಆಚೀಚೆ ವಯಸ್ಸು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಚೀಲ. ಭಾಲಚಂದ್ರರಾಯರ ಹೆಂಡತಿ ಪ್ರಮಿಲಾ ಒಳಗೆ ಕರೆದು ನೀರು ಕೊಟ್ಟರು.

"ನೀವೇ ಏನ್ರಿ ಭಾಲಚಂದ್ರರಾವ್ ಅಂದ್ರ?" ಅಂದಳು ಅವಳು. "ಸಾಯಗಾಂವದಿಂದ ಬಂದೀನ್ರಿ. ನನ್ನ ಹೆಸರು ಈರಮ್ಮ. ಸಂಜುಕುಮಾರನ ಅವ್ವ."

ಯಾವ ಸಂಜುಕುಮಾರ ಎಂದು ಭಾಲಚಂದ್ರರಾಯರಿಗೆ ಗೊತ್ತಾಗಲಿಲ್ಲ. ಹೇಗೆ ಗೊತ್ತಾಗಬೇಕು?

"ಗಾಂಜಾದ ಕೇಸಿನಾಗ ನಿಮ್ಮ ಸಹಿ ಅದಲ್ರಿ, ಅಂವ. ನನ್ನ ಮುಂದ ಮುಚ್ಚಿಟ್ಟಿದ್ದ. ಮೊನ್ನೆ ಕೋರ್ಟಿನ ಕಾಗದ ಮನಿಗಿ ಬಂತು. ಸಾಲಿ ಮಾಸ್ತರ ಬಲ್ಲಿ ಓದಿಸಿದೆ."

ಭಾಲಚಂದ್ರರಾವ್ ಬೈಗುಳಕ್ಕೆ ಕಾದು ಕೂತರು. ಬೈಗುಳ ಬರಲಿಲ್ಲ. ಅವಳು ಚೀಲದಿಂದ ಎರಡು ಸೇರು ತೊಗರಿಬೇಳೆಯ ಗಂಟು ತೆಗೆದು ಅವರ ಮುಂದಿಟ್ಟು ಕೈ ಮುಗಿದಳು.

"ನಿಮ್ಮಿಂದ ಭಾಳ ಉಪಕಾರ ಆತ್ರಿ. ನೀವು ಖರೇ ಬರಸದಿದ್ರ ನನಗ ಗೊತ್ತೇ ಆಗ್ತಿದ್ದಿಲ್ಲ. ನನ್ನ ಗಂಡ ಹಾವಗೆಪ್ಪ ಇದ್ರಾಗೇ ಹೋದ. ಕೆರಿ ದಂಡಿಗಿ ನಾಕ್ ಮಂದಿ ಜೋಡಿ ಚಿಲುಮಿ ಹಿಡದು ಕೂತ್ರ ಸೂರ್ಯ ಮುಳುಗಿದ್ದು ಗೊತ್ತಾಗ್ತಿದ್ದಿಲ್ಲ. ಶಿವನ ಪ್ರಸಾದ ಅಂತಿದ್ದ. ಒಂದಿನ ನಶಾದಾಗೇ ಬಾವ್ಯಾಗ ಬಿದ್ದ. ಅಂವನ ಮಣ್ಣ ಮಾಡಿ ಬಂದ ದಿನ ನಾ ಲಿಂಗ ಕೈಯಾಗ ಹಿಡದು ಅಂದಿದ್ದೆ, ಇನ್ನ ಆ ಹೊಗಿ ಕುಡದವರು ನನ್ನ ಹೊಸ್ತಿಲ ದಾಟಬಾರದು ಅಂತ. ಮಗ ಆದ್ರೂ ಅಷ್ಟೇ. ಹೊರಗ ಹಾಕೀನ್ರಿ."

ಪ್ರಮಿಲಾ ಬಾಗಿಲಲ್ಲೇ ನಿಂತುಬಿಟ್ಟರು.

"ಅಂವ ಆಣಿ ಮಾಡ್ತಾನ್ರಿ, ಸೇದಿಲ್ಲ ಅಂತ. ಕಾಲು ಹಿಡದು ಅತ್ತ. ಅಂವನ ಅಪ್ಪನೂ ಹಂಗೇ ಆಣಿ ಮಾಡ್ತಿದ್ದ. ಯಾರ ಮಾತು ನಂಬ್ಲಿ? ಸರ್ಕಾರಿ ಮನುಷ್ಯಾ ನೋಡಿ ಸಹಿ ಮಾಡ್ಯಾನ ಅಂದಮ್ಯಾಲ ನಂಬಬೇಕಲ್ರಿ. ಆದ್ರೂ ಹೆತ್ತ ಹೊಟ್ಟಿ ನೋಡ್ರಿ. ನಿಮ್ಮ ಬಾಯಿಲೆ ಒಮ್ಮೆ ಕೇಳಿ ಹೋಗಬೇಕಂತ ಬಂದೀನಿ. ನಿಮ್ಮ ಕಣ್ಣಿಲೆ ನೋಡೀರಲ್ರಿ?"

ಒಂದು ಗಳಿಗೆ ತಡೆದಿದ್ದರೆ ಸಾಕಿತ್ತು. ತಡೆಯುವ ರೂಢಿ ಅವರಿಗಿರಲಿಲ್ಲ. "ಹೂಂ," ಅಂದರು ಭಾಲಚಂದ್ರರಾವ್. "ನೋಡೀನಿ."

ಈರಮ್ಮ ಕಣ್ಣು ಮುಚ್ಚಿ ತಲೆ ಆಡಿಸಿದಳು. ಮತ್ತೆ ಚೀಲದಿಂದ ಕೋರ್ಟಿನ ಪ್ರತಿ ತೆಗೆದು, ಇದೇ ಅಲ್ಲವೇ ಎಂದು ಅವರ ಕೈಗಿತ್ತಳು. ಸರ್ವಿಸಿನಲ್ಲಿ ಬಹಳ ದಿನದ ಮೇಲೆ ಭಾಲಚಂದ್ರರಾವ್ ಒಂದು ಪಂಚನಾಮೆಯನ್ನು ಓದಿದರು. ಜೂನ್ ಇಪ್ಪತ್ನಾಲ್ಕು, ಬೆಳಿಗ್ಗೆ ಒಂಬತ್ತೂವರೆ, ಭಾಲ್ಕಿ ಬಸ್ ಸ್ಟ್ಯಾಂಡಿನ ಹಿಂದಿನ ಖುಲ್ಲಾ ಜಾಗ. ಆ ದಿನ, ಆ ಹೊತ್ತಿಗೆ, ಅವರು ಬೀದರಿನಲ್ಲಿ ಹೆರಿಗೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಒಳಗೆ ಮಗಳು ಮಂಜಿರಿ ಹೆರುತ್ತಿದ್ದಳು. ಒಂಬತ್ತು ನಲವತ್ತಕ್ಕೆ ಮೊಮ್ಮಗಳು ಹುಟ್ಟಿದ್ದಳು.

ಹೇಳಬೇಕು ಅನ್ನಿಸಿತು. ಬಾಯಿಯೂ ತೆರೆಯಿತು. ಆದರೆ ಈಗಷ್ಟೇ ನೋಡೀನಿ ಅಂದ ನಾಲಿಗೆ ಮತ್ತೆ ಏಳಲಿಲ್ಲ. ಈರಮ್ಮ ಕಾಗದ ಮಡಿಸಿಕೊಂಡು, ಪ್ರಮಿಲಾಗೂ ಕೈ ಮುಗಿದು, ಎರಡು ಗಂಟೆಯ ಬಸ್ಸಿಗೆ ಹೋದಳು.

ಪ್ರಮಿಲಾ ಬಂದು ಎದುರಿಗೆ ಕೂತರು. "ಯಾವ ತಾರೀಖಿನ ಕೇಸ್ರಿ ಅದು?"

ಹೇಳಿದರು.

"ಅಗಬಾಯಿ! ಅವತ್ತ ನಾವು ಮಂಜಿರಿ ಬಲ್ಲಿ ಇದ್ದೇವಿ."

"ಹೌದು."

"ಮತ್ತ ನೋಡೀನಿ ಅಂದ್ರಲ್ಲ ಆ ತಾಯಿಗಿ?"

ಭಾಲಚಂದ್ರರಾವ್ ಬೇಳೆಯ ಗಂಟನ್ನೇ ನೋಡುತ್ತಿದ್ದರು. ಪ್ರಮಿಲಾ ಸಿಟ್ಟಿನಿಂದ ಆ ಗಂಟನ್ನು ಎತ್ತಿ ಅಟ್ಟದ ಮೇಲಿಟ್ಟರು. "ಇದನ್ನ ಬೇಯಿಸಿ ನನಗ ನುಂಗಾಕ ಆಗಲ್ಲ," ಅಂದರು. ಭಾಲಚಂದ್ರರಾವ್ ಹಾಕಿದ್ದು ಉಂಡು, ಪೇಪರು ಓದಿ, ಮಲಗಿದರು. ನಿದ್ದೆಯೂ ಬಂತು. ನಿದ್ದೆ ಬಂತಲ್ಲ ಎಂದು ಬೆಳಿಗ್ಗೆ ಎದ್ದಾಗ ಅವರಿಗೇ ಆಶ್ಚರ್ಯವಾಯಿತು.

ಹದಿನೈದು ದಿನದಲ್ಲಿ ಸಾಕ್ಷಿ ಹೇಳಲು ಸಮನ್ಸ್ ಬಂತು. ಶಿವರಾಜಪ್ಪ ಅದನ್ನು ತಾವೇ ಟೇಬಲ್ಲಿಗೆ ತಂದುಕೊಟ್ಟರು. ಅವರಿಗೆ ಗಾಳಿಸುದ್ದಿ ಮುಟ್ಟಿರಬೇಕು, ಇಲ್ಲವೇ ಭಾಲಚಂದ್ರರಾಯರ ಮೌನದಲ್ಲೇ ಏನೋ ವಾಸನೆ ಬಡಿದಿರಬೇಕು.

"ರಾವ್‌ಸಾಹೇಬ್ರ, ಎಂಟ್ ತಿಂಗಳ ಉಳದದ ನಿಮ್ಮದು. ಸುಮ್ಮ ಹೋಗಿ ನೋಡೀನಿ ಅಂದು ಬಂದುಬಿಡ್ರಿ. ಪಂಚ ತಿರುಗಿಬಿದ್ರ ಸರ್ಕಾರದ ಸುತ್ತೋಲಿ ಏನ್ ಹೇಳ್ತದ ನಿಮಗ ಗೊತ್ತದ. ಫೈಲ್ ನನ್ನ ಕೈಯಿಂದೇ ಮ್ಯಾಲ ಹೋಗಬೇಕಾಗ್ತದ. ಆ ಪಾಪ ನನಗ ಹಚ್ಚಬ್ಯಾಡ್ರಿ."

ಭಾಲಚಂದ್ರರಾವ್ ಸಮನ್ಸಿನ ಹಿಂಬದಿಗೆ ಸಹಿ ಮಾಡಿ ಪ್ರತಿ ಇಟ್ಟುಕೊಂಡರು. ಶಿವರಾಜಪ್ಪನವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಸಂಜೆ ಹೋಟೆಲಿಗೆ ಗೋರಖನಾಥನೂ ಬಂದ. ಎರಡು ಹಾಳೆಯಲ್ಲಿ ಪ್ರಶ್ನೆ, ಉತ್ತರ ಎಲ್ಲ ಬರೆದು ತಂದಿದ್ದ. ಎಷ್ಟು ಗಂಟೆಗೆ ಹೊರಟಿರಿ, ಜೀಪಿನಲ್ಲಿ ಯಾರ್ಯಾರಿದ್ದರು, ಚಿಲುಮೆ ಯಾವ ಬಣ್ಣ. ಪರೀಕ್ಷೆಗೆ ಕೂಡುವ ಮಗುವಿಗೆ ಪಾಠ ಹೇಳಿದ ಹಾಗೆ ಹೇಳಿಕೊಟ್ಟ.

"ಖರೇ ಹೇಳು ಗೋರಖನಾಥ," ಅಂದರು ಭಾಲಚಂದ್ರರಾವ್. "ಆ ಹುಡುಗ ಸೇದಿದ್ನಾ?"

ಗೋರಖನಾಥ ಕಪ್ಪು ಕೆಳಗಿಟ್ಟು ನೋಡಿದ. ಆರು ವರ್ಷದಲ್ಲಿ ಈ ಮನುಷ್ಯ ಒಂದು ಪ್ರಶ್ನೆ ಕೇಳಿದ್ದು ಇದೇ ಮೊದಲು. "ಐದು ಮಂದಿ ನಿಂತಿದ್ರು ರಾವ್‌ಸಾಹೇಬ್ರ. ಹೊಗಿ ಇತ್ತು. ಯಾರ ಬಾಯಿಂದ ಬಂತು ಅಂತ ಹೊಗಿ ಹೆಸರು ಹೇಳ್ತದೇನು? ಆ ವಾರ ಆಸ್ಪತ್ರ್ಯಾಗ ಉಚ್ಚಿ ಪರೀಕ್ಷಾದ ಕಿಟ್ ಇದ್ದಿಲ್ಲ. ಕಣ್ಣ ಕೆಂಪ ಅವ ಅಂತ ಡಾಕ್ಟರ್ ಬರದುಕೊಟ್ರು. ಅಷ್ಟೇ. ನಮಗೂ ಮ್ಯಾಲಿಂದ ದಬಾಯಿಸ್ತಾರ್ರಿ." ಆಮೇಲೆ ದನಿ ತಗ್ಗಿಸಿ ಅಂದ, "ನೀವು ನೋಡೀನಿ ಅಂದ್ರ ದಂಡ ಕಟ್ಟಿ ಹೋಗ್ತಾನ. ಯಾರ ತಲಿಯೂ ಹೋಗಲ್ಲ. ಫಿಕರ್ ಮಾಡಬ್ಯಾಡ್ರಿ."

ದಂಡ ಕಟ್ಟಿದರೆ ಕೋರ್ಟು ಬಿಡುತ್ತದೆ, ಸಾಯಗಾಂವದ ಹೊಸ್ತಿಲು ಬಿಡುವುದಿಲ್ಲ. ಅದು ಭಾಲಚಂದ್ರರಾಯರಿಗೆ ಗೊತ್ತಿತ್ತು, ಗೋರಖನಾಥನಿಗೆ ಗೊತ್ತಿರಲಿಲ್ಲ. ಹಾಳೆ ಮಡಿಸಿ ಜೇಬಿಗೆ ಹಾಕಿಕೊಂಡರು.

ಸಂಜುಕುಮಾರನನ್ನು ಒಮ್ಮೆಯಾದರೂ ನೋಡಬೇಕು ಅಂತ ಅವರಿಗೆ ಯಾಕೆ ಅನ್ನಿಸಿತೋ. ಇದು ಮರುಕ ಅಂತ ಹೇಳಿದರೆ ನಾನು ಸುಳ್ಳು ಹೇಳಿದ ಹಾಗೆ. ನೋಡೀನಿ ಎಂದು ಸಹಿ ಮಾಡಿದ್ದ ಮನುಷ್ಯನನ್ನು ನೋಡೇ ಇಲ್ಲವಲ್ಲ ಎಂಬ ಒಂದು ಕೊರೆತ ಇತ್ತು, ಅಷ್ಟೇ. ವಕೀಲ ಕುತುಬೋದ್ದೀನನ ಗುಮಾಸ್ತನಿಂದ ವಿಳಾಸ ತಿಳಿದುಕೊಂಡು, ಒಂದು ದಿನ ರಜೆ ಹಾಕಿ, ಔರಾದದ ಬಸ್ಸು ಹತ್ತಿದರು. ಔರಾದದಲ್ಲಿ ಇಳಿಯುತ್ತಿದ್ದ ಹಾಗೆ ಠಾಣೆಯ ಒಬ್ಬ ಪರಿಚಿತ ಪೇದೆ ಎದುರಾಗಿ "ಇಕಡಿ ಎಲ್ಲಿರಿ ಸಾಹೇಬ್ರ?" ಅಂದ. ಭಾಲಚಂದ್ರರಾವ್ ತಲೆ ಅಲ್ಲಾಡಿಸಿ ಮುಂದೆ ನಡೆದರು.

ಅದೊಂದು ಸೋಯಾ ಗೋದಾಮು. ಸಂಜುಕುಮಾರ ಅಲ್ಲಿ ಹಮಾಲಿ ಮಾಡುತ್ತಿದ್ದ, ಚೀಲಗಳ ಸಂದಿಯಲ್ಲೇ ಮಲಗುತ್ತಿದ್ದ. ಇಪ್ಪತ್ತಾರು ವರ್ಷ, ತೆಳ್ಳನೆ ಮೈ, ತಲೆ ತುಂಬ ದೂಳು. ಹೆಸರು ಕೇಳಿದ ಕೂಡಲೇ ಕೆಲಸ ನಿಲ್ಲಿಸಿ ನಿಂತ.

"ನೀವೇ ಏನ್ರಿ ಪಂಚರು?"

"ನಾನೇ."

ಹೊಡೆಯುತ್ತಾನೇನೋ ಅಂದುಕೊಂಡರು ಭಾಲಚಂದ್ರರಾವ್. ಹೊಡೆದರೆ ಹೊಡೆಯಲಿ ಅಂತಲೂ ಅಂದುಕೊಂಡರು. ಅವನು ಒಂದು ಖಾಲಿ ಚೀಲ ಕೊಡವಿ ಹಾಸಿ, "ಕೂಡ್ರಿ" ಅಂದ.

"ಬೀದರ ಬಾಜೂಕಿನ ಕೊಳಾರದಾಗ ಗೋದಾಮಿನಾಗ ರಾತ್ರಿ ಪಾಳಿ ಇತ್ತುರಿ ನಂದು. ಮುಂಜಾನಿ ಬೀದರ ಬಸ್ ಇಳದು ಸಾಯಗಾಂವದ ಬಸ್ಸಿಗಿ ನಿಂತಿದ್ದೆ. ನೆಳ್ಳ ಅದ ಅಂತ ಹಿಂದಿನ ಬಾಜು ಹೋದೆ. ಇಡೀ ರಾತ್ರಿ ನಿದ್ದಿ ಇಲ್ಲದಂವನ ಕಣ್ಣ ಕೆಂಪ ಇರದ ಮತ್ತ ಹ್ಯಾಂಗ ಇರ್ತಾವ್ರಿ? ಕೇಸ್ ಆಗ್ಯದ ಅಂತ ಕೊಳಾರದಾಗ ಕೆಲಸ ಬಿಡಿಸಿದ್ರು. ಹೋಗ್ಲಿ ಬಿಡ್ರಿ. ಕೆಲಸ ಎಲ್ಲರ ಸಿಗ್ತದ."

"ನಾ ಅವತ್ತ ಅಲ್ಲಿ ಇದ್ದಿಲ್ಲಪಾ," ಅಂದರು ಭಾಲಚಂದ್ರರಾವ್.

"ಗೊತ್ತದರಿ. ನಾ ಇದ್ನಲ್ಲ, ನೀವು ಇದ್ದಿಲ್ಲ ಅಂತ ನನಗ ಗೊತ್ತಿರಲ್ಲೇನು?"

ಭಾಲಚಂದ್ರರಾವ್ ಚೀಲದ ಮೇಲೆ ಕೂತರು. ಆಮೇಲೆ ಸಂಜುಕುಮಾರ ಅಂದ, "ಕೋರ್ಟ್ ದಂಡ ಹಾಕ್ಲಿ, ಜೈಲಿಗಿ ಹಾಕ್ಲಿ, ನಾ ಅಂಜಲ್ರಿ. ನಮ್ಮವ್ವಗ ಒಂದ್ ಮಾತ್ ಹೇಳ್ರಿ ನೀವು, ನೋಡಿಲ್ಲ ಅಂತ. ನನ್ನ ಮಾತ ಅಕಿ ನಂಬಲ್ಲ, ಸರ್ಕಾರದ್ದು ಅಂದ್ರ ಅಕಿಗಿ ಶಾಸ್ತ್ರ. ಮನಿಗಿ ಹೋಗಿ ಹೇಳಿದ್ರ ನಾನೇ ಕಳಿಸೀನಿ ಅಂತಾಳ. ಕೋರ್ಟಿನಾಗ ಜಡ್ಜ್ ಸಾಹೇಬ್ರ ಮುಂದ ಹೇಳ್ರಿ. ಅಕಿ ಬರಾಂಗ ನಾ ಮಾಡ್ತೇನಿ." ಅವನು ತೋಳಿನಿಂದ ಮುಖದ ದೂಳು ಒರೆಸಿಕೊಂಡ. "ಒಂದೂವರಿ ತಿಂಗಳಾತ್ರಿ ಅಕಿ ನನ್ನ ಮಾರಿ ನೋಡಿ. ಮನ್ಯಾಗ ಅಕಿ ಒಬ್ಬಾಕಿನೇ ಇದ್ದಾಳ."

ಬಸ್ಸಿನಲ್ಲಿ ಹಿಂದಿರುಗುವಾಗ ಭಾಲಚಂದ್ರರಾವ್ ಲೆಕ್ಕ ಹಾಕಿದ್ದು ಪಿಂಚಣಿಯದಲ್ಲ. ಹೇಳಿದರೆ ಎಷ್ಟು ಕಷ್ಟ, ಹೇಳದಿದ್ದರೆ ಎಷ್ಟು ಕಷ್ಟ ಎಂದು ತೂಗಿ ನೋಡಬೇಕೆಂದು ಕೂತರು, ಮನಸ್ಸು ತೂಗಲೇ ಇಲ್ಲ. ಹೊರಗೆ ಉದ್ದಿನ ಹೊಲ, ಸೋಯಾ ಹೊಲ, ಮತ್ತೆ ಉದ್ದಿನ ಹೊಲ. ಮನೆಗೆ ಬಂದು ಪ್ರಮಿಲಾಗೆ, "ಖರೇ ಹೇಳ್ತೇನಿ" ಅಂದರು. ಪ್ರಮಿಲಾ ಒಂದು ಕ್ಷಣ ಗಂಡನ ಮುಖ ನೋಡಿದರು. ಅದರಲ್ಲಿ ಏನೂ ಕಾಣಲಿಲ್ಲ, ಆದರೂ ನಂಬಿದರು. ಮೂವತ್ತು ವರ್ಷ ಬಾಳ್ವೆ ಮಾಡಿದವರಿಗೆ ಮುಖ ಬೇಕಾಗಿಲ್ಲ.

"ಪಿಂಚಣಿ ತಡಾ ಆದ್ರ ಆಗ್ಲಿ," ಅಂದರು. "ನನ್ನ ಹೊಲಿಗಿ ಮಷೀನು ಅದ."

ತಾರೀಖಿನ ದಿನ ಕೋರ್ಟಿನ ಹಾಲು ತುಂಬಿತ್ತು. ಈರಮ್ಮ ಕೊನೆಯ ಬೆಂಚಿನ ತುದಿಯಲ್ಲಿ ಕೂತಿದ್ದಳು. ಸಂಜುಕುಮಾರ ಆರೋಪಿಯ ಕಟಕಟೆಯಲ್ಲಿ ಕೈಕಟ್ಟಿ ನಿಂತಿದ್ದ. ತಾಯಿ ಒಮ್ಮೆಯೂ ಆ ಕಡೆ ನೋಡಲಿಲ್ಲ. ಮೊದಲೇ ಭಾಲಚಂದ್ರರಾಯರನ್ನು ಕಂಡು ದೂರದಿಂದಲೇ ಕೈ ಮುಗಿದಿದ್ದಳು.

ಸರ್ಕಾರಿ ವಕೀಲರು ಪಂಚನಾಮೆ ತೋರಿಸಿದರು. "ಈ ಸಹಿ ನಿಮ್ಮದೇ?"

"ನಂದೇರಿ."

"ಅಲ್ಲಿ ಏನು ನೋಡಿದಿರಿ, ಹೇಳಿ."

"ಏನೂ ನೋಡಿಲ್ರಿ. ನಾ ಅವತ್ತ ಭಾಲ್ಕ್ಯಾಗ ಇದ್ದಿಲ್ಲ. ಬೀದರದಾಗ ಇದ್ದೆ, ಮಗಳ ಹೆರಿಗಿ ಇತ್ತು. ನಾಕ್ ದಿನ ಆದಮ್ಯಾಲ ಹೋಟೆಲಿನಾಗ ಕೂತು ಸಹಿ ಮಾಡೀನಿ. ಓದಿಲ್ಲ."

ಹಾಲಿನಲ್ಲಿ ಗುಜುಗುಜು ಎದ್ದಿತು. ನ್ಯಾಯಾಧೀಶರು ತಲೆಯೆತ್ತಿದರು. ಬಾಗಿಲ ಬಳಿ ಗೋರಖನಾಥ ಟೊಪ್ಪಿಗೆ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದ. ಸರ್ಕಾರಿ ವಕೀಲರು, ಈ ಸಾಕ್ಷಿ ತಿರುಗಿಬಿದ್ದಿದ್ದಾನೆ, ಪಾಟೀಸವಾಲಿಗೆ ಅನುಮತಿ ಬೇಕು ಅಂದರು. ಅನುಮತಿ ಸಿಕ್ಕಿತು.

"ಹೋದ ತಿಂಗಳು ನೀವು ಔರಾದಕ್ಕೆ ಹೋಗಿ ಈ ಆರೋಪಿಯನ್ನು ಭೇಟಿಯಾಗಿದ್ದು ನಿಜವಲ್ಲವೇ?"

ಕುತುಬೋದ್ದೀನ ವಕೀಲ ದಡಬಡಿಸಿ ಎದ್ದ. ಅವನಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಸುಳ್ಳು ಹೇಳಲು ಅದೊಂದು ಒಳ್ಳೆಯ ಜಾಗವಾಗಿತ್ತು, ಪೇದೆ ನೋಡಿದ್ದು ಬಸ್ ಇಳಿದದ್ದನ್ನಷ್ಟೇ, ಭೇಟಿಯಾಗಿಲ್ಲ ಅಂದಿದ್ದರೆ ರುಜುವಾತು ಮಾಡುವವರು ಯಾರು? ಆದರೆ ಭಾಲಚಂದ್ರರಾವ್ ಖರೇ ಹೇಳುತ್ತೇನೆ ಎಂದು ಮನೆಯಿಂದ ಹೊರಟು ಬಂದಿದ್ದರು.

"ಖರೇರಿ. ಹೋಗಿದ್ದೆ."

"ಅವನ ಜೊತೆ ಮಾತಾಡಿಯೇ ಇವತ್ತು ಹೀಗೆ ಹೇಳುತ್ತಿದ್ದೀರಿ?"

"ಮಾತಾಡಿದ್ದೂ ಖರೇ. ನಾ ಹೇಳೋದೂ ಖರೇ."

ವಕೀಲರು ಸಣ್ಣಗೆ ನಕ್ಕು ಕೂತರು. ನ್ಯಾಯಾಧೀಶರು ಬರೆಸಿಕೊಂಡರು, ಇಂಥ ಎಷ್ಟು ಪಂಚನಾಮೆಗೆ ಸಹಿ ಮಾಡಿದ್ದೀರಿ ಎಂದು ಕೇಳಿದರು. ಭಾಲಚಂದ್ರರಾವ್ ನೆನಪಿಲ್ಲ ಅಂದರು. ಇಲಾಖೆಗೆ ಬರೆಯಿರಿ ಎಂದು ಅವರು ಶಿರಸ್ತೇದಾರರಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಹೊರಗೆ ಬಂದಾಗ ಕುತುಬೋದ್ದೀನ ಅವರ ಕೈ ಹಿಡಿದು ಕುಲುಕಿ, "ಕೇಸ್ ಬಿತ್ತುರಿ, ಖತಂ. ತೀರ್ಪು ಬರೋದಷ್ಟೇ ಬಾಕಿ," ಎಂದು ಸಂಜುಕುಮಾರನನ್ನು ಕಾಗದಕ್ಕೆ ಸಹಿ ಮಾಡಿಸಲು ತನ್ನ ಕೋಣೆಗೆ ಎಳೆದುಕೊಂಡು ಹೋದ.

ಈರಮ್ಮ ಕಾಂಪೌಂಡಿನ ಬೇವಿನ ಮರದ ಕೆಳಗೆ ನಿಂತಿದ್ದಳು. ಭಾಲಚಂದ್ರರಾವ್ ತಾವಾಗಿಯೇ ಹತ್ತಿರ ಹೋದರು.

"ಸಾಹೇಬ್ರ," ಅಂದಳು ಅವಳು. "ಅವತ್ತ ನಿಮ್ಮ ಮನ್ಯಾಗ ನೋಡೀನಿ ಅಂದ್ರಿ. ಇವತ್ತ ನೋಡಿಲ್ಲ ಅಂತೀರಿ. ಎರಡರಾಗ ಖರೇ ಯಾವುದ್ರಿ?"

"ಇವತ್ತಿಂದು ಖರೇ ತಾಯಿ. ಅವತ್ತ ಸುಳ್ಳ ಹೇಳ್ದೆ. ನಿಮ್ಮ ಮಗ ಸೇದಿದ್ದು ನಾ ನೋಡಿಲ್ಲ. ಅಂವನ ಮಾರಿನೇ ನಾ ನೋಡಿದ್ದಿಲ್ಲ."

ಅವಳು ಅವರ ಮುಖವನ್ನು ನೋಡಿದಳು. ಸುಮ್ಮನೆ ನೋಡಿದ್ದಲ್ಲ, ಸಂತೆಯಲ್ಲಿ ಬೀಜದ ಕಾಳು ಅಂಗೈಯಲ್ಲಿ ಹಿಡಿದು ನೋಡುವ ಹಾಗೆ ಹುಡುಕಿ ನೋಡಿದಳು. ಬಹಳ ಹೊತ್ತಾಯಿತು.

"ನಿಮ್ಮ ಮಾರಿ ಅವತ್ತೂ ಹಿಂಗೇ ಇತ್ರಿ," ಅಂದಳು. "ಇವತ್ತೂ ಹಿಂಗೇ ಅದ. ನಾ ಹ್ಯಾಂಗ ಗುರ್ತ ಹಿಡೀಲಿ?"

ಭಾಲಚಂದ್ರರಾಯರ ಎದೆಯಲ್ಲಿ ಏನೋ ಕಿತ್ತುಬಂತು. ಎಷ್ಟೋ ವರ್ಷದ ಮೇಲೆ ಅವರಿಗೆ ನೋವಾಯಿತು, ಕೆಟ್ಟದಾಗಿ ನೋವಾಯಿತು. ಅಳಬೇಕು ಅನ್ನಿಸಿತು. ಅತ್ತರೆ ಇವಳು ನಂಬಿಯಾಳು ಅನ್ನಿಸಿತು. ಹುಬ್ಬು, ತುಟಿ, ಕೆನ್ನೆ ಯಾವುದಾದರೂ ಒಂದು ಸ್ವಲ್ಪ ಅಲುಗಲಿ ಎಂದು ಬೇಡಿಕೊಂಡರು. ಒಂದೂ ಅಲುಗಲಿಲ್ಲ. ಒಳಗೆ ಆಗುತ್ತಿದ್ದದ್ದು ಒಳಗೇ ಉಳಿಯಿತು.

"ಔರಾದಕ್ಕ ಹೋಗಿದ್ರಂತಲ್ರಿ," ಅಂದಳು ಈರಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನನ್ನ ಮಗ ಏನ್ ಹೇಳಿಕೊಟ್ನೋ, ನಿಮಗ ಪಾಪ ಅನಿಸಿರಬೇಕು. ನನಗ ಅಂವ ಬ್ಯಾಡಾಗಿಲ್ರಿ. ದಿನಾ ಮುಂಜಾನಿ ಪೂಜಿಗಿ ಕೂತಾಗ ಒಂದೇ ಬೇಡತೇನಿ, ಯಾರರ ಬಂದು ನಿನ್ನ ಮಗ ಸೇದಿಲ್ಲ ಅಂತ ಹೇಳ್ಲಿ ಅಂತ. ಬಂದು ಹೇಳಿದವರು ನೀವಾದ್ರಿ. ಬ್ಯಾರೆ ಯಾರರ ಹೇಳಿದ್ರ ನಂಬತಿದ್ದೆ."

ಸೆರಗು ತಲೆಯ ಮೇಲೆ ಎಳೆದುಕೊಂಡು ಅವಳು ಗೇಟಿನ ಕಡೆ ನಡೆದಳು. ರಸ್ತೆ ದಾಟಿ ಸಾಯಗಾಂವದ ಬಸ್ಸು ಹತ್ತಿದಳು. ಬಸ್ಸು ತುಂಬಲೆಂದು ಡ್ರೈವರ್ ಕೆಳಗೆ ನಿಂತು ಎಲೆ ಅಡಿಕೆ ಹಾಕುತ್ತಿದ್ದ.

ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿತು. ಸಂಜುಕುಮಾರ ಮೆಟ್ಟಿಲು ಎರಡೆರಡು ಹಾರಿ ಇಳಿದು ಬಂದ. ಕೈಗೆ ಮಸಿ ಹತ್ತಿತ್ತು, ಕಣ್ಣುಗಳು ಹೊಳೆಯುತ್ತಿದ್ದವು. ಇವನ ಮುಖ ಹೀಗೂ ಇರುತ್ತದೆಯೇ ಅನ್ನಿಸಿತು ಭಾಲಚಂದ್ರರಾಯರಿಗೆ.

"ನಮ್ಮವ್ವ ಎಲ್ಲಿರಿ? ನಿಮ್ಮ ಜೋಡಿ ನಿಂತಿದ್ದು ಕಿಡಕ್ಯಾಗಿಂದ ನೋಡ್ದೆ. ಏನಂದಳ್ರಿ? ನಂಬಿದಳೇನ್ರಿ?"

ಭಾಲಚಂದ್ರರಾವ್ ಆ ಮುಖ ನೋಡಿದರು. ರಸ್ತೆಯಾಚೆಯ ಬಸ್ಸು ನೋಡಿದರು.

"ನಂಬಿದಳಪಾ," ಅಂದರು. "ನನ್ನ ಮುಂದೇ ಅಂದಳು. ಮನಿಗಿ ಬಾ ಅಂತ ಹೇಳಂದಳು. ಅಗೋ, ಆ ಬಸ್ಸಿನಾಗ ಕೂತಾಳ. ಲಗೂ ಹೋಗು."

ಸಂಜುಕುಮಾರ ಬಗ್ಗಿ ಅವರ ಕಾಲು ಮುಟ್ಟಿ, ಬಸ್ಸಿನ ಕಡೆ ಓಡಿದ.